ಮೂರು ಎಣಿಸುವ ತನಕ

ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು.
ಹತ್ತಕ್ಕೆ ಬರುತ್ತೇನೆ ಅಂದಿದ್ದೆ ನಾನು,
ಒಂಬತ್ತೂವರೆಗೇ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ್ದಾನೆ ಮುದುಕ.
ಏನೂ ಅರಿಯದವನ ಹಾಗೆ
ಟೋಪಿಯಂಚಿನಡಿಯಿಂದ ಗಾಳಿ ನೋಡುತ್ತಿದ್ದಾನೆ.

ಇಪ್ಪತ್ತೆರಡು ವರ್ಷ ಕುದುರೆಗಳಿಗೆ ಲಾಳ ಹೊಡೆದವಳು ನಾನು.
ನೆಬ್ರಾಸ್ಕಾದ ಈ ಮರಳುದಿಬ್ಬಗಳಲ್ಲಿ
ಕುಂಟುವ ಕುದುರೆಯನ್ನು ಮಾರುವ ದಿನ
ನೋವಿನ ಪುಡಿ ಮೇವಿಗೆ ಬೆರೆಸಿ,
ಎರಡು ಸುತ್ತು ನಡೆಸಿ, ಮೈ ಬಿಸಿಯಾದ ಮೇಲೆ
ಹಗ್ಗ ಕೈಗೆ ಕೊಡುತ್ತಾರೆ.
ಬಿಸಿಯಲ್ಲಿ ಎಲ್ಲ ಕಾಲೂ ಸರಿಯೇ.
ಆಟೊಮ್ಯಾಟಿಕ್ ಗೇರುಪೆಟ್ಟಿಗೆಯೂ ಹಾಗೇ.

"ಆರುವ ತನಕ ಕೂತಿರ್ತೀನಿ" ಅಂದೆ.
ಲುಮಿರ್ ಹ್ರೂಬಿ ಬೇಡವೆನ್ನಲಿಲ್ಲ.
ಪಿಕಪ್ಪಿನ ಹಿಂಬಾಗಿಲು ಇಳಿಸಿ
ಕಾಲು ನೇತುಬಿಟ್ಟು ಕೂತೆವು ಇಬ್ಬರೂ.
ಫ್ಲಾಸ್ಕಿನಲ್ಲಿ ಕಾಫಿ, ಚೀಲದಲ್ಲಿ ಗಸಗಸೆ ಹೂರಣದ ಬನ್ನು.
ಲಕ್ಷದ ಎಂಬತ್ತಮೂರು ಸಾವಿರ ಮೈಲಿ, ಅಂದ.
ಅರ್ಧ ಹೋರಿಗಳ ಲೆಕ್ಕ,
ಉಳಿದದ್ದು ಗುರುವಾರದ ಬೌಲಿಂಗ್ ಲೀಗಿನದು.
ಗೇರೆಣ್ಣೆ ಬದಲಾಯಿಸಿದ್ದು ಯಾವಾಗ ಎಂದೆ.
ಮೋಡದತ್ತ ನೋಡಿದ.
"ಬದಲಾಯಿಸಬಾರದು," ಅಂದ ಕಡೆಗೆ,
"ಕ್ಲಚ್ಚು ಸವೆದ ಪುಡಿಯೆಲ್ಲ ಆ ಎಣ್ಣೆಯಲ್ಲೇ ಇದೆ.
ಅದನ್ನೇ ಹಿಡಕೊಂಡು ಓಡ್ತಾ ಇರೋದು ಇದು.
ಹೊಸದು ಹುಯ್ದೆಯೋ, ಜಾರಿತು."
ಕುಂಟುನೆಪ ಅಂದುಕೊಂಡೆ.
ಆಮೇಲೆ ನನ್ನ ಅಂಗೈ ನೋಡಿಕೊಂಡೆ:
ಸುತ್ತಿಗೆಯನ್ನು ಹಿಡಿಯುವುದು ಜಡ್ಡುಗಟ್ಟಿದ ಜಾಗವೇ.

ಅಳತೆಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದೆ.
ದಾಳಿಂಬೆ ರಸದ ಹಾಗಿರಬೇಕಾದದ್ದು
ಕಹಿ ಡಿಕಾಕ್ಷನ್ನಾಗಿತ್ತು.
ಮೂಗಿಗೆ ಹಿಡಿದೆ. ಗೊತ್ತಿದ್ದ ವಾಸನೆ,
ಕೆಂಪಗೆ ಕಾದ ಲಾಳವನ್ನು ಗೊರಸಿಗೊತ್ತಿದಾಗ
ಹೊಗೆಯ ಜೊತೆ ಏಳುವಂಥದು.
ಅಲ್ಲಿ ಅದು ಕೂಡಿಕೊಳ್ಳುವ ವಾಸನೆ.
ಇಲ್ಲಿ, ಬಿಟ್ಟುಕೊಡುತ್ತಿರುವುದರದು.

ಎರಡು ಗಂಟೆಗೆ ಇಂಜಿನ್ನು ಕಲ್ಲಿನಷ್ಟು ತಣ್ಣಗಾಯಿತು.
ಕೀಲಿ ತಿರುಗಿಸಿ ರಿವರ್ಸಿಗೆ ಹಾಕಿದೆ.
ಇಂಜಿನ್ನು ಗುರುಗುಟ್ಟಿತು,
ಚಕ್ರಕ್ಕೆ ಸುದ್ದಿ ಮುಟ್ಟಲಿಲ್ಲ.
ಒಂದು.
ಕಿಟಕಿಯಾಚೆ ಲುಮಿರ್, ತುಟಿಯಲ್ಲೇ, ನನ್ನ ಜೊತೆ ಎಣಿಸುತ್ತಿದ್ದ.
ಎರಡು.
ನೀರೆತ್ತುವ ಗಾಳಿಯಂತ್ರ ಎಲ್ಲೋ ಕಿರುಗುಟ್ಟಿತು.
ಮೂರು, ಅನ್ನುವಷ್ಟರಲ್ಲಿ
ಯಾರೋ ಬೆನ್ನಿಗೆ ಗುದ್ದಿದ ಹಾಗೆ ಧಡ್ಡೆಂದು ಕಚ್ಚಿಕೊಂಡು
ಗಾಡಿ ಹಿಂದಕ್ಕೆ ಹೊರಟಿತು.

"ಮೂರು," ಅಂದ, ಸಿಕ್ಕಿಬಿದ್ದವನ ನಗೆಯಲ್ಲಿ,
"ಏಳು ವರ್ಷದಿಂದ ಮೂರೇ. ಒಂದು ದಿನವೂ ನಾಲ್ಕಾಗಿಲ್ಲ."
ಮೊದಲೇ ಹೇಳಬಹುದಿತ್ತಲ್ಲ?
"ನೀನು ಯಾವತ್ತಾದರೂ ಕುದುರೆ ಮಾರಿದ್ದೀಯಾ?"
ಮಾರಿದ್ದೆ.
ಬಾಯಿ ಮುಚ್ಚಿಕೊಂಡೆ.

ಎರಡು ಸಾವಿರ ಡಾಲರು ಇಳಿಸಿದ.
ಹೊಸ ಗೇರುಪೆಟ್ಟಿಗೆಗೆ ಅದು ಅರ್ಧಕ್ಕೂ ಸಾಲದು, ಇಬ್ಬರಿಗೂ ಗೊತ್ತು.
ಕೈ ಕುಲುಕಿದೆವು.

ಇದು ಎರಡನೆಯ ಚಳಿಗಾಲ.
ಎಣ್ಣೆ ಬದಲಾಯಿಸಿಲ್ಲ ನಾನು.
ಹಿಂದೆ ಕುಲುಮೆ, ಅಡಿಗಲ್ಲು, ಲಾಳದ ಡಬ್ಬಗಳು,
ಪಕ್ಕದ ಸೀಟಿನಲ್ಲಿ ನಾಯಿ.
ದಿನಾ ಬೆಳಗ್ಗೆ ಗೇರು ಹಾಕಿ ಕಾಯುತ್ತೇನೆ.
ಮೂರೆಣಿಕೆಯಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಗೊತ್ತೆ?
ಕೈಗವಸು ಎಳೆದುಕೊಳ್ಳಬಹುದು,
ಬಾಕಿ ಕೊಡಬೇಕಾದವನ ಹೆಸರು ನೆನಪಾಗುತ್ತದೆ,
ನಾಯಿ ಒಮ್ಮೆ ನನ್ನ ಮುಖ ನೋಡುತ್ತದೆ.
ಅಷ್ಟು ಹೊತ್ತಿಗೆ ಗುದ್ದು ಬೀಳುತ್ತದೆ, ಹೊರಡುತ್ತೇವೆ.

ಇವತ್ತು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ.
ಕೈಗವಸು ಎಳೆದುಕೊಂಡೆ.
ನಾಯಿ ನನ್ನ ಮುಖ ನೋಡಿತು.
ಇನ್ನೊಮ್ಮೆ ನೋಡಿತು.
ಆಮೇಲೆ ಹಿಡಿಯಿತು.

ಚಳಿಗೆ ಹಾಗಾಗುತ್ತದೆ, ಅಂದೆ
ನಾಯಿಗೆ.